ಮನೋವೈದ್ಯರ ಕ್ಲಿನಿಕಲ್ ಮತ್ತು ಮೌಖಿಕ ಪರೀಕ್ಷೆ

ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ ಮುಗಿಸಿದ ವೈದ್ಯರು ರೋಗಿಯನ್ನು ಮಾತನಾಡಿಸಿ, ಪರೀಕ್ಷಿಸಿ, ತಾವು ಕಂಡುಕೊಂಡ ರೋಗನಿದಾನವನ್ನೂ ಚಿಕಿತ್ಸೆಯ ಯೋಜನೆಯನ್ನೂ ಪರೀಕ್ಷಕರ ಮುಂದೆ ಮಂಡಿಸಿ ಸಮರ್ಥಿಸಿಕೊಳ್ಳುವ ಅರ್ಹತಾ ಪರೀಕ್ಷೆಗೆ ಮನೋವೈದ್ಯರ ಕ್ಲಿನಿಕಲ್ ಮತ್ತು ಮೌಖಿಕ ಪರೀಕ್ಷೆ ಎನ್ನುತ್ತಾರೆ. ಭಾರತದಲ್ಲಿ ಎಂ.ಡಿ., ಡಿ.ಎನ್.ಬಿ. ಹಾಗೂ ಡಿ.ಪಿ.ಎಂ. ಪದವಿ–ಡಿಪ್ಲೊಮಾಗಳ ಕೊನೆಯ ಹಂತ ಇದು. ಲಿಖಿತ ಪತ್ರಿಕೆಗಳಲ್ಲಿ ಎಷ್ಟೇ ಅಂಕ ಬಂದಿದ್ದರೂ ಇದರಲ್ಲಿ ಬೇರೆಯಾಗಿಯೇ ತೇರ್ಗಡೆಯಾಗಬೇಕು. ಕರ್ನಾಟಕದಲ್ಲಿ ಈ ಪರೀಕ್ಷೆಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳು ಮತ್ತು ಡಿ.ಎನ್.ಬಿ. ಅಭ್ಯರ್ಥಿಗಳಿಗಾಗಿ ರಾಷ್ಟ್ರೀಯ ಪರೀಕ್ಷಾ ಮಂಡಳಿ ನಡೆಸುತ್ತವೆ.

ಈ ಲೇಖನ ಕರ್ನಾಟಕದ ಪದ್ಧತಿಯನ್ನು ವಿವರಿಸುತ್ತದೆ. ಹಲವು ಭಾಷೆ, ಹಲವು ಕಸುಬುಗಳ ಜನರಿರುವ ಕಾರವಾರ–ಅಂಕೋಲಾ ಕರಾವಳಿಯಲ್ಲಿ ಕೆಲಸ ಮಾಡುವ ಮನೋವೈದ್ಯರಿಗೆ ಬೇಕಾದ ಕೌಶಲಗಳನ್ನು ಈ ಪರೀಕ್ಷೆ ಎಷ್ಟರಮಟ್ಟಿಗೆ ಅಳೆಯುತ್ತದೆ ಎಂಬುದಕ್ಕೆ ಒಂದು ಭಾಗ ಮೀಸಲಾಗಿದೆ. ಇಲ್ಲಿ ‘ಲಾಂಗ್ ಕೇಸ್’, ‘ಶಾರ್ಟ್ ಕೇಸ್’, ‘ವೈವಾ’ ಎಂಬ ಪದಗಳನ್ನು ವೈದ್ಯಕೀಯ ಕಾಲೇಜುಗಳಲ್ಲಿ ಬಳಕೆಯಲ್ಲಿರುವಂತೆಯೇ ಇಟ್ಟುಕೊಳ್ಳಲಾಗಿದೆ. ಸಾಕ್ಷ್ಯ ತೋರಿಸಿದರೂ ಕದಲದ ತಪ್ಪು ನಂಬಿಕೆಗೆ ‘ಹುಸಿ ನಂಬಿಕೆ’ ಎಂದು ಬಳಸಲಾಗಿದೆ.

ಉಗಮ

ರೋಗಿಯ ಹಾಸಿಗೆಯ ಪಕ್ಕದಲ್ಲಿ ವಿದ್ಯಾರ್ಥಿಯನ್ನು ಪ್ರಶ್ನಿಸಿ ಪರೀಕ್ಷಿಸುವ ಕ್ರಮ ಭಾರತಕ್ಕೆ ಬ್ರಿಟಿಷ್ ವೈದ್ಯಕೀಯ ಶಿಕ್ಷಣದ ಜೊತೆ ಬಂತು. ಮನೋವೈದ್ಯಶಾಸ್ತ್ರಕ್ಕೆ ಅದು ಪ್ರತ್ಯೇಕ ಪರೀಕ್ಷೆಯಾಗಿ ಅನ್ವಯವಾದದ್ದು ತಡವಾಗಿ. ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಾಯಿತು. ಅದೇ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷ ಅಲ್ಲಿ ಡಿ.ಪಿ.ಎಂ. ಡಿಪ್ಲೊಮಾ ತರಗತಿ ಶುರುವಾದಾಗ ಕರ್ನಾಟಕದಲ್ಲಿ ಮನೋವೈದ್ಯರನ್ನು ಪರೀಕ್ಷಿಸಿ ಹೊರತರುವ ಕೆಲಸಕ್ಕೆ ನಾಂದಿಯಾಯಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ, 2012ರಲ್ಲಿ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯ ಸ್ಥಾನ ಸಿಕ್ಕಿದ ಮೇಲೆ ಪರೀಕ್ಷೆ ನಡೆಸಿ ಪದವಿ ಕೊಡುವ ಅಧಿಕಾರ ಅದರ ಕೈಯಲ್ಲೇ ಇದೆ.

ಕಾರವಾರ, ಅಂಕೋಲಾ ಸೇರಿರುವ ಉತ್ತರ ಕನ್ನಡ ಜಿಲ್ಲೆಯ ಜನರಿಗೆ ಹಳೆಯ ಪರಿಚಯವಿದ್ದದ್ದು ಧಾರವಾಡದ ಮಾನಸಿಕ ಆಸ್ಪತ್ರೆ. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆಯೂ ಧಾರವಾಡವೂ 1956ರ ವರೆಗೆ ಒಂದೇ ಆಡಳಿತದಲ್ಲಿದ್ದವು. ಆ ಆಸ್ಪತ್ರೆಯೇ ಮುಂದೆ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಯಿತು. ಕಾರವಾರದ ಕಡೆಯವರು ಗೋವಾದ ಬಾಂಬೋಳಿಯಲ್ಲಿರುವ ಮನೋವೈದ್ಯ ಸಂಸ್ಥೆಗೂ ಹೋಗುತ್ತಾರೆ.

ರಾಜ್ಯದ ವೈದ್ಯಕೀಯ ಕಾಲೇಜುಗಳ ಪರೀಕ್ಷೆಗಳನ್ನು ಒಂದೇ ಸೂರಿನಡಿ ತಂದದ್ದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ದೇಶದ ಮಟ್ಟದಲ್ಲಿ ಪರೀಕ್ಷೆಯ ಚೌಕಟ್ಟನ್ನು ಭಾರತೀಯ ವೈದ್ಯಕೀಯ ಪರಿಷತ್ತಿನ 2000ದ ಸ್ನಾತಕೋತ್ತರ ನಿಯಮಾವಳಿ ನಿಗದಿಪಡಿಸಿತ್ತು. 2020ರಲ್ಲಿ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಹೊಸ ನಿಯಮಾವಳಿಯಲ್ಲಿ ಅದನ್ನು ಪರಿಷ್ಕರಿಸಿದೆ. ಡಿ.ಎನ್.ಬಿ.ಯದು ಬೇರೆ ದಾರಿ. 1975ರಲ್ಲಿ ಆರಂಭವಾಗಿ 1982ರಲ್ಲಿ ಸ್ವಾಯತ್ತವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ನಡೆಸುತ್ತದೆ.

ಪರೀಕ್ಷೆಯ ರಚನೆ

ಎಂ.ಡಿ. ಅವಧಿ ಮೂರು ವರ್ಷ. ಕೊನೆಯಲ್ಲಿ ತಲಾ 100 ಅಂಕಗಳ ನಾಲ್ಕು ಲಿಖಿತ ಪತ್ರಿಕೆಗಳಿರುತ್ತವೆ: ಮನೋವೈದ್ಯಶಾಸ್ತ್ರಕ್ಕೆ ಆಧಾರವಾದ ಮೂಲ ವಿಜ್ಞಾನಗಳು, ಕ್ಲಿನಿಕಲ್ ಮನೋವೈದ್ಯಶಾಸ್ತ್ರ, ಸಿದ್ಧಾಂತಗಳು ಮತ್ತು ಉಪಶಾಖೆಗಳು, ನರವಿಜ್ಞಾನ ಹಾಗೂ ಸಾಮಾನ್ಯ ವೈದ್ಯಶಾಸ್ತ್ರ. ಅದಕ್ಕೂ ಮೊದಲು ಪ್ರಬಂಧ ಒಪ್ಪಿಗೆಯಾಗಿರಬೇಕು. ಇದಾದ ಮೇಲೆ ಕ್ಲಿನಿಕಲ್ ಮತ್ತು ಮೌಖಿಕ ಪರೀಕ್ಷೆ.

ಪರೀಕ್ಷಕರು ಸಾಮಾನ್ಯವಾಗಿ ನಾಲ್ವರು. ಅವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಹೊರಗಿನವರಿರಬೇಕು. ಬಾಹ್ಯ ಪರೀಕ್ಷಕರು ಬಹುತೇಕ ಬೇರೆ ರಾಜ್ಯದಿಂದ ಬರುತ್ತಾರೆ. ಒಂದು ದಿನಕ್ಕೆ ಎಂಟಕ್ಕಿಂತ ಹೆಚ್ಚು ಎಂ.ಡಿ. ಅಭ್ಯರ್ಥಿಗಳನ್ನು ಪರೀಕ್ಷಿಸಬಾರದೆಂದು 2000ದ ನಿಯಮಾವಳಿ ಮಿತಿ ಹಾಕಿತ್ತು. ಒಬ್ಬ ಅಭ್ಯರ್ಥಿಗೆ ಕೊಡಬೇಕಾದ ಸಮಯವನ್ನು ನೋಡಿದರೆ ಎಂಟು ಮಂದಿಯೂ ಹೆಚ್ಚೇ.

ಕ್ಲಿನಿಕಲ್ ಭಾಗದಲ್ಲಿ ರೂಢಿಯಂತೆ ಮೂರು ಪ್ರಕರಣಗಳು: ಮನೋವೈದ್ಯಶಾಸ್ತ್ರದ ಒಂದು ಲಾಂಗ್ ಕೇಸ್, ಒಂದು ಶಾರ್ಟ್ ಕೇಸ್ ಮತ್ತು ನರರೋಗದ ಒಂದು ಶಾರ್ಟ್ ಕೇಸ್. ಪಾರ್ಶ್ವವಾಯು, ಮೂರ್ಛೆರೋಗ, ಮಿದುಳಿನ ಗಡ್ಡೆ, ಥೈರಾಯ್ಡ್ ತೊಂದರೆಗಳೂ ಮನೋರೋಗದ ವೇಷದಲ್ಲಿ ಬರಬಹುದು. ಅದಕ್ಕೇ ನರರೋಗದ ಪ್ರಕರಣವನ್ನು ಯಾರೂ ಕೈಬಿಟ್ಟಿಲ್ಲ. ಮೊಣಕಾಲಿಗೆ ಬಡಿಯುವ ಹ್ಯಾಮರ್, ಟಾರ್ಚ್, 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್, ಹತ್ತಿ, ಗುಂಡುಸೂಜಿ ತುಂಬಿದ ಕೈಚೀಲ ಹಿಡಿದು ಮನೋವೈದ್ಯರು ಪರೀಕ್ಷೆಗೆ ಬರುವುದು ಈ ಪ್ರಕರಣದ ಸಲುವಾಗಿ.

ವೈವಾ ಕೊನೆಗೆ. ಔಷಧಗಳು, ವಿದ್ಯುತ್ ಕಂಪನ ಚಿಕಿತ್ಸೆ, ಮನೋಚಿಕಿತ್ಸೆ, ನ್ಯಾಯಾಲಯಕ್ಕೆ ಸಂಬಂಧಿಸಿದ ಮನೋವೈದ್ಯಶಾಸ್ತ್ರ, ಮಿದುಳಿನ ಸ್ಕ್ಯಾನ್ ಚಿತ್ರಗಳು, ಮನೋವೈಜ್ಞಾನಿಕ ಪರೀಕ್ಷೆಗಳ ವರದಿಗಳು ಇಲ್ಲಿ ಪ್ರಶ್ನೆಗೆ ಬರುತ್ತವೆ. ಪಾಠ ಹೇಳುವ ಕೌಶಲವನ್ನೂ ವೈವಾದ ಭಾಗವಾಗಿ ನೋಡುವ ಕ್ರಮ ರಾಜೀವ್ ಗಾಂಧಿ ವಿಶ್ವವಿದ್ಯಾಲಯದಲ್ಲಿದೆ.

ಲಾಂಗ್ ಕೇಸ್

ಇಡೀ ಪರೀಕ್ಷೆಯ ಹೃದಯ ಲಾಂಗ್ ಕೇಸ್. ಅಭ್ಯರ್ಥಿಗೆ ತಾನು ಹಿಂದೆ ನೋಡಿರದ ಒಬ್ಬ ರೋಗಿ ಮತ್ತು ಜೊತೆಗೆ ಬಂದ ಮನೆಯವರು ಸಿಗುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ವಿಚಾರಣೆ, ದೈಹಿಕ ಪರೀಕ್ಷೆ, ಮಾನಸಿಕ ಸ್ಥಿತಿ ಪರೀಕ್ಷೆ ಮೂರೂ ಮುಗಿಯಬೇಕು. ಆಮೇಲೆ ಪರೀಕ್ಷಕರೆದುರು ಮಂಡನೆ.

ಮಂಡನೆಗೆ ಕಟ್ಟುನಿಟ್ಟಿನ ಅನುಕ್ರಮವಿದೆ. ಮೊದಲು ರೋಗಿಯ ಗುರುತು. ಆಮೇಲೆ ಮಾಹಿತಿ ಕೊಟ್ಟವರು ಯಾರು, ರೋಗಿಯೊಂದಿಗೆ ಎಷ್ಟು ಕಾಲದಿಂದ ಇದ್ದಾರೆ, ಅವರ ಮಾತನ್ನು ಎಷ್ಟು ನಂಬಬಹುದು ಎಂಬ ವಿವರ. ಹೆಂಡತಿ ಹೇಳುವ ಕುಡಿತದ ಲೆಕ್ಕಕ್ಕೂ ಗಂಡ ಒಪ್ಪುವ ಲೆಕ್ಕಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಹೇಳಿ, ಯಾವುದನ್ನು ಏಕೆ ನಂಬಿದೆ ಎಂದು ತಿಳಿಸಬೇಕು. ನಂತರ ದೂರುಗಳು ಶುರುವಾದ ಕಾಲಕ್ರಮದಲ್ಲಿ. ರೋಗ ದಿಢೀರನೆ ಬಂತೋ ಮೆಲ್ಲಗೆ ಬೆಳೆಯಿತೋ, ನಡುವೆ ಪೂರ್ತಿ ಗುಣವಾದ ದಿನಗಳಿದ್ದವೋ, ಯಾವ ಘಟನೆಯ ಹಿಂದೆಮುಂದೆ ಶುರುವಾಯಿತು ಎಂಬುದರ ಮೇಲೆ ಅರ್ಧ ನಿದಾನ ನಿಂತಿರುತ್ತದೆ. ಏನೇನು ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. ತಲೆಗೆ ಪೆಟ್ಟು, ಜ್ವರ, ಮೂರ್ಛೆ, ಮಾದಕ ವಸ್ತು ಇವುಗಳನ್ನು ಕೇಳಿ ತಳ್ಳಿಹಾಕಿದ್ದೇನೆ ಎಂದು ಅಭ್ಯರ್ಥಿ ಬಾಯಿಬಿಟ್ಟು ಹೇಳದಿದ್ದರೆ ಕೇಳಲೇ ಇಲ್ಲವೆಂದು ಲೆಕ್ಕ. ಹಿಂದಿನ ಚಿಕಿತ್ಸೆ, ಮೂರು ತಲೆಮಾರಿನ ವಂಶವೃಕ್ಷ, ಬಾಲ್ಯ, ಓದು, ಕೆಲಸ, ದಾಂಪತ್ಯ, ರೋಗ ಬರುವ ಮೊದಲಿನ ಸ್ವಭಾವ ಇವು ಮುಂದಿನವು.

ಕೊನೆಗೆ ಬರುವ ‘ನಿದಾನ ಸಂಗ್ರಹ’ದಲ್ಲಿ ಈವರೆಗಿನ ಎಲ್ಲವನ್ನೂ ಒಂದೆರಡು ನಿಮಿಷಕ್ಕೆ ಇಳಿಸಿ, ಮೊದಲ ನಿದಾನ, ಪರ್ಯಾಯ ನಿದಾನಗಳು, ಪ್ರತಿಯೊಂದರ ಪರ ಹಾಗೂ ವಿರುದ್ಧ ಇರುವ ಅಂಶಗಳು, ತಪಾಸಣೆ, ಚಿಕಿತ್ಸೆ, ಮುಂದಿನ ಗತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐ.ಸಿ.ಡಿ. ವರ್ಗೀಕರಣವೇ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿದೆ. 2022ರ ಜನವರಿಯಿಂದ ಅದರ 11ನೇ ಆವೃತ್ತಿ ಜಾರಿಯಲ್ಲಿದ್ದರೂ 1992ರಲ್ಲಿ ಪ್ರಕಟವಾದ 10ನೇ ಆವೃತ್ತಿಯ ಭಾಷೆ ಪರೀಕ್ಷಾ ಕೊಠಡಿಯಿಂದ ಇನ್ನೂ ಹೋಗಿಲ್ಲ.

ಈ ಪದ್ಧತಿಯ ದೊಡ್ಡ ಕೊರತೆಯೊಂದು ಅದರ ರಚನೆಯಲ್ಲೇ ಇದೆ. ಅಭ್ಯರ್ಥಿ ರೋಗಿಯೊಂದಿಗೆ ಕಳೆಯುವ ಆ ಒಂದು ಗಂಟೆಯಲ್ಲಿ ಪರೀಕ್ಷಕರು ಅಲ್ಲಿರುವುದಿಲ್ಲ. ಅಭ್ಯರ್ಥಿ ರೋಗಿಗೆ ಕುಳಿತುಕೊಳ್ಳಲು ಹೇಳಿದರೋ ಇಲ್ಲವೋ, ಆತ್ಮಹತ್ಯೆಯ ಯೋಚನೆಯ ಬಗ್ಗೆ ಹೇಗೆ ಕೇಳಿದರು, ಅತ್ತಾಗ ಸುಮ್ಮನಿದ್ದರೋ ಮುಂದಿನ ಪ್ರಶ್ನೆಗೆ ಜಿಗಿದರೋ ಎಂಬುದಕ್ಕೆ ಸಾಕ್ಷಿಯಿಲ್ಲ. ಅಂಕ ಬೀಳುವುದು ಮಂಡನೆಗೆ. ಎಷ್ಟೋ ಪರೀಕ್ಷಕರು ಇದನ್ನರಿತೇ ರೋಗಿಯನ್ನು ಒಳಗೆ ಕರೆಸಿ ಒಂದೆರಡು ಅಂಶಗಳನ್ನು ತಮ್ಮೆದುರಿಗೆ ಪರೀಕ್ಷಿಸಿ ತೋರಿಸುವಂತೆ ಹೇಳುತ್ತಾರೆ. ಆದರೆ ಅದು ಐದು ಹತ್ತು ನಿಮಿಷದ ಮಾತು.

ಮಾನಸಿಕ ಸ್ಥಿತಿ ಪರೀಕ್ಷೆ

ಹೃದ್ರೋಗ ತಜ್ಞರಿಗೆ ಸ್ಟೆತಸ್ಕೋಪ್ ಇದ್ದಂತೆ ಮನೋವೈದ್ಯರಿಗೆ ಮಾನಸಿಕ ಸ್ಥಿತಿ ಪರೀಕ್ಷೆ. ವಾರ್ಡುಗಳಲ್ಲಿ ಇದನ್ನು ಎಂ.ಎಸ್.ಇ. ಎಂದೇ ಕರೆಯುತ್ತಾರೆ. ಉಡುಗೆ–ನಡವಳಿಕೆ, ಮಾತಿನ ವೇಗ ಮತ್ತು ದನಿ, ಮನಃಸ್ಥಿತಿ, ಆಲೋಚನೆಯ ಹರಿವು, ರೂಪ ಮತ್ತು ವಸ್ತು, ಗ್ರಹಿಕೆ, ಅರಿವಿನ ಸಾಮರ್ಥ್ಯಗಳು, ವಿವೇಚನೆ, ಒಳನೋಟ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ರೋಗಿ ಆಡಿದ ಮಾತನ್ನು ಆತನ ಶಬ್ದಗಳಲ್ಲೇ ಬರೆದುಕೊಳ್ಳಬೇಕೆಂಬುದು ಹಳೆಯ ಮತ್ತು ಒಳ್ಳೆಯ ನಿಯಮ. ‘ರೋಗಿಗೆ ಹುಸಿ ನಂಬಿಕೆಯಿದೆ’ ಎಂದರೆ ಪರೀಕ್ಷಕರ ಮುಂದಿನ ಪ್ರಶ್ನೆ ‘ಆತ ಏನೆಂದ?’ ಎಂಬುದೇ.

ಮಾತನ್ನೇ ಆಡದ ರೋಗಿಯೂ ಲಾಂಗ್ ಕೇಸಾಗಿ ಬರಬಹುದು. ಅಂಥವರಿಗಾಗಿ ಅಮೆರಿಕದ ಜಾರ್ಜ್ ಕರ್ಬಿ 1921ರಲ್ಲಿ ಬರೆದ ಮಾರ್ಗದರ್ಶಿಯ ವಿಧಾನವನ್ನು ಭಾರತದ ಅಭ್ಯರ್ಥಿಗಳು ಇಂದಿಗೂ ಅನುಸರಿಸುತ್ತಾರೆ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ, ಕೈಯೆತ್ತಿ ಬಿಟ್ಟರೆ ಹಾಗೆಯೇ ನಿಲ್ಲುತ್ತದೆಯೋ, ಊಟ ಕೊಟ್ಟರೆ ನುಂಗುತ್ತಾರೋ, ಸ್ನಾಯುಗಳು ಬಿಗಿಯಾಗಿವೆಯೋ ಎಂದು ಒಂದೊಂದಾಗಿ ನೋಡಿ ದಾಖಲಿಸುವ ಕ್ರಮ ಅದು.

ಅರಿವಿನ ಸಾಮರ್ಥ್ಯದ ಪರೀಕ್ಷೆಗಳಲ್ಲಿ 100ರಿಂದ ಏಳೇಳು ಕಳೆಯುತ್ತ ಬರುವುದು, ಅಂಕೆಗಳನ್ನು ಹಿಂದುಮುಂದಾಗಿ ಹೇಳುವುದು, ಎರಡು ವಸ್ತುಗಳ ಸಾಮ್ಯ ಹೇಳುವುದು, ಗಾದೆಯ ಅರ್ಥ ಬಿಡಿಸುವುದು ಮುಖ್ಯ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದರೇನೆಂದು ಕೇಳಿದಾಗ ‘ಕೈ ತೊಳೆದು ಮೊಸರನ್ನ ಉಣ್ಣಬೇಕು’ ಎಂಬ ಉತ್ತರ ಬಂದರೆ ಅಮೂರ್ತವಾಗಿ ಯೋಚಿಸುವ ಶಕ್ತಿ ಕುಗ್ಗಿರಬಹುದೆಂದು ಊಹೆ. ಆದರೆ ರೋಗಿಯ ಮನೆಮಾತು ಕೊಂಕಣಿಯಾಗಿದ್ದು ಆ ಗಾದೆಯನ್ನು ಕೇಳಿಯೇ ಇರದಿದ್ದರೆ ಅದೇ ಉತ್ತರಕ್ಕೆ ಬೆಲೆಯಿಲ್ಲ. ಒಳನೋಟವನ್ನು ‘ನನಗೇನೂ ಆಗಿಲ್ಲ’ ಎಂಬ ಪೂರ್ಣ ನಿರಾಕರಣೆಯಿಂದ ಹಿಡಿದು ರೋಗವನ್ನು ಅರಿತು ಬದುಕನ್ನು ಅದಕ್ಕೆ ಹೊಂದಿಸಿಕೊಳ್ಳುವ ಮಟ್ಟದವರೆಗೆ ಆರು ಹಂತಗಳಲ್ಲಿ ಗುರುತಿಸುತ್ತಾರೆ.

ಕಾರವಾರ–ಅಂಕೋಲಾ ಪ್ರದೇಶದ ಸಂದರ್ಭ

ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2013ರಲ್ಲಿ 150 ಎಂ.ಬಿ.ಬಿ.ಎಸ್. ಸೀಟುಗಳೊಂದಿಗೆ ಶುರುವಾಯಿತು. ಜನರ ಬಾಯಲ್ಲಿ ಅದು ಕ್ರಿಮ್ಸ್. ಜಿಲ್ಲಾ ಆಸ್ಪತ್ರೆಯೇ ಅದರ ಬೋಧನಾ ಆಸ್ಪತ್ರೆಯಾಗಿದ್ದು, ಸಂಸ್ಥೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಂಕೋಲಾದಲ್ಲಿ ತಾಲೂಕು ಆಸ್ಪತ್ರೆ ಇದೆ.

ಕಾರವಾರ ತಾಲೂಕಿನಲ್ಲಿ ಕೊಂಕಣಿ ಹೆಚ್ಚು. ಕನ್ನಡದ ಜೊತೆ ಮರಾಠಿಯೂ ಕಿವಿಗೆ ಬೀಳುತ್ತದೆ. ಅಂಕೋಲಾದ ಹಾಲಕ್ಕಿ ಒಕ್ಕಲಿಗರ ಕನ್ನಡ ಬಯಲುಸೀಮೆಯಿಂದ ಬಂದ ವೈದ್ಯರಿಗೆ ಮೊದಲ ಬಾರಿಗೆ ಪೂರ್ತಿ ತಿಳಿಯುವುದಿಲ್ಲ. ಘಟ್ಟದ ಅಂಚಿನ ಸಿದ್ದಿ ಸಮುದಾಯದವರ ಮಾತು ಕೊಂಕಣಿಯ ಒಂದು ಬಗೆ. ‘ಮಂಡೆ ಬಿಸಿ’, ‘ಗಾಳಿ ತಾಗಿದೆ’, ‘ಎದೆ ಡವಡವ’, ‘ನರ ದೌರ್ಬಲ್ಯ’ ಎಂಬ ದೂರುಗಳ ಹಿಂದೆ ಖಿನ್ನತೆ ಇರಬಹುದು, ಆತಂಕದ ಕಾಯಿಲೆ ಇರಬಹುದು, ದೇಹದ ಕಾಯಿಲೆಯೂ ಇರಬಹುದು. ರೋಗಿಯ ಮಾತನ್ನು ಕೇಳಿದ ಕೂಡಲೇ ಪಠ್ಯಪುಸ್ತಕದ ಇಂಗ್ಲಿಷ್ ಪದಕ್ಕೆ ಬದಲಾಯಿಸಿಬಿಟ್ಟರೆ ಈ ಭೇದ ಅಳಿಸಿಹೋಗುತ್ತದೆ. ಪರೀಕ್ಷೆಯ ಒತ್ತಡ ಅಭ್ಯರ್ಥಿಗಳನ್ನು ಅದೇ ಕಡೆಗೆ ನೂಕುತ್ತದೆ, ಏಕೆಂದರೆ ಮಂಡನೆ ಇಂಗ್ಲಿಷಿನಲ್ಲಿ. ಬೇರೆ ರಾಜ್ಯದಿಂದ ಬಂದ ಪರೀಕ್ಷಕರಿಗೆ ರೋಗಿಯ ಭಾಷೆ ತಿಳಿಯದಿದ್ದರೆ ಅವರು ಕೇಳುವ ಪ್ರಶ್ನೆಯನ್ನು ರೋಗಿಗೆ ದಾಟಿಸುವವರೂ, ಉತ್ತರವನ್ನು ಮರಳಿ ತಿಳಿಸುವವರೂ ಆಂತರಿಕ ಪರೀಕ್ಷಕರೋ ಸ್ವತಃ ಅಭ್ಯರ್ಥಿಯೋ ಆಗಬೇಕಾಗುತ್ತದೆ. ಪರೀಕ್ಷೆಗೆ ಕುಳಿತವರೇ ದುಭಾಷಿಯೂ ಆಗುವ ಈ ವ್ಯವಸ್ಥೆಗೆ ನಿಯಮಾವಳಿಯಲ್ಲಿ ಉತ್ತರವಿಲ್ಲ.

ಅಂಕೋಲಾದ ಪೇಟೆಯಲ್ಲಿ ಮೀನು ಮಾರುವ, ಶಾಲೆಗೆ ಹೋಗಿರದ ಹೆಂಗಸಿಗೆ 100ರಿಂದ ಏಳು ಕಳೆಯಿರಿ ಎಂದರೆ ಆಕೆ ತಬ್ಬಿಬ್ಬಾಗಬಹುದು. ಒಂದು ಪಾಲು ಬಂಗಡೆ ಇಷ್ಟು ರೂಪಾಯಿಯಾದರೆ ಮೂರು ಪಾಲಿಗೆ ಎಷ್ಟು, 500ರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಮರಳಿಸಬೇಕು ಎಂದು ಕೇಳಿದರೆ ಅವಳ ಗಮನವೂ ಲೆಕ್ಕವೂ ಎಷ್ಟು ಚುರುಕಾಗಿವೆಯೆಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಕಾಲದ ಅರಿವು ನೋಡಲು ಇಂಗ್ಲಿಷ್ ತಾರೀಕು ಕೇಳುವುದಕ್ಕಿಂತ ಹುಣ್ಣಿಮೆ–ಅಮಾವಾಸ್ಯೆ ಯಾವಾಗ ಕಳೆಯಿತು, ಜೂನ್–ಜುಲೈಯ ಮೀನುಗಾರಿಕೆ ನಿಷೇಧ ಮುಗಿದಿದೆಯೋ ಇಲ್ಲವೋ ಎಂದು ಕೇಳುವುದು ಲೇಸು. ಸಾಮ್ಯದ ಪರೀಕ್ಷೆಗೆ ಸೇಬು–ಕಿತ್ತಳೆಯೇ ಆಗಬೇಕೆಂದಿಲ್ಲ, ಈಶಾಡು ಮಾವು ಮತ್ತು ಬಾಳೆಹಣ್ಣು ಸಾಕು. ಪ್ರಶ್ನೆಯನ್ನು ಹೀಗೆ ಸ್ಥಳೀಯವಾಗಿ ಮಾರ್ಪಡಿಸಿ, ಏಕೆ ಮಾರ್ಪಡಿಸಿದೆನೆಂದು ವಿವರಿಸುವ ಅಭ್ಯರ್ಥಿಗೆ ಒಳ್ಳೆಯ ಪರೀಕ್ಷಕರು ಅಂಕ ಕೊಡುತ್ತಾರೆ. ಯಾಂತ್ರಿಕವಾಗಿ ಪುಸ್ತಕದ ಪಟ್ಟಿಯನ್ನು ಒಪ್ಪಿಸುವವರಿಗಿಂತ ಇವರೇ ಹೆಚ್ಚು ತಿಳಿದವರು.

ನಂಬಿಕೆಯ ವಿಷಯ ಇನ್ನೂ ಸೂಕ್ಷ್ಮ. ಕಾಯಿಲೆ ಬಿದ್ದಾಗ ದೇವಸ್ಥಾನದಲ್ಲಿ ಪ್ರಸಾದ ಕೇಳುವುದು ಈ ಜಿಲ್ಲೆಯಲ್ಲಿ ಸಾಮಾನ್ಯ. ಮೈಮೇಲೆ ದೇವರು ಬರುವುದು ಜಾತ್ರೆ, ಬಂಡಿಹಬ್ಬಗಳ ಸಂದರ್ಭದಲ್ಲಿ ಊರೇ ಒಪ್ಪಿದ ಆಚರಣೆ. ಆಚರಣೆಯ ಹೊರಗೆ, ಬೇಡವೆಂದರೂ, ಪದೇಪದೇ ಬಂದು ಸಂಸಾರವನ್ನೂ ಕೆಲಸವನ್ನೂ ಕೆಡಿಸಿದರೆ ಮಾತ್ರ ಅದು ಕಾಯಿಲೆ. ಐ.ಸಿ.ಡಿ.ಯ 10 ಮತ್ತು 11ನೇ ಆವೃತ್ತಿಗಳೆರಡೂ ಆವೇಶದ ಕಾಯಿಲೆಯನ್ನು ಗುರುತಿಸುವಾಗ ಸಂಸ್ಕೃತಿ ಒಪ್ಪಿದ ಆವೇಶವನ್ನು ಹೊರಗಿಡುತ್ತವೆ. ‘ಮಾಟ ಮಾಡಿಸಿದ್ದಾರೆ’ ಎಂಬ ಮಾತೂ ಹಾಗೆಯೇ. ಮನೆಯವರೆಲ್ಲ ಅದನ್ನೇ ನಂಬಿದ್ದರೆ ರೋಗಿಯ ನಂಬಿಕೆಯನ್ನು ಹುಸಿ ನಂಬಿಕೆ ಎಂದು ಕರೆಯಲು ಬೇರೆ ಆಧಾರ ಬೇಕು. ಅದಕ್ಕಾಗಿ ಮನೆಯವರನ್ನು ಪ್ರತ್ಯೇಕವಾಗಿ ಕೇಳುವುದು ಲಾಂಗ್ ಕೇಸಿನಲ್ಲಿ ಅನಿವಾರ್ಯ.

ಸಾಮಾಜಿಕ ವಿಚಾರಣೆಯಲ್ಲೂ ಈ ಕರಾವಳಿಗೆ ತನ್ನದೇ ಪ್ರಶ್ನೆಗಳಿವೆ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲಾ ನಡುವಿನ ಊರುಗಳನ್ನು ಬಿಟ್ಟು ಬಂದ ಕುಟುಂಬವೇ, ಮನೆಯ ಗಂಡಸರು ದುಡಿಮೆಗೆ ಗೋವಾಕ್ಕೆ ಹೋಗಿದ್ದಾರೆಯೇ, ಬೋಟಿನ ಕೆಲಸದಲ್ಲಿ ವಾರಗಟ್ಟಲೆ ಕಡಲಲ್ಲಿರುವವರೇ ಎಂದು ಕೇಳದೆ ಕುಡಿತದ ಅಥವಾ ಖಿನ್ನತೆಯ ಪ್ರಕರಣ ಪೂರ್ಣವಾಗುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಂಥ ದುರಂತಗಳಲ್ಲಿ, ಶವ ಸಿಗುವವರೆಗೆ ಕಾಯುವ ಮನೆಯವರೊಂದಿಗೆ ಮಾತನಾಡುವುದು ಮನೋವೈದ್ಯರಿಂದ ನಿರೀಕ್ಷಿಸುವ ಕೆಲಸ. ವಿಪತ್ತಿನ ಮನೋವೈದ್ಯಶಾಸ್ತ್ರ ಪಠ್ಯಕ್ರಮದಲ್ಲಿದೆ. ಆದರೆ ಅದು ವೈವಾದ ಪ್ರಶ್ನೆಯಾಗಿ ಬರುವುದೇ ಹೆಚ್ಚು, ಕೌಶಲವಾಗಿ ಪರೀಕ್ಷೆಗೊಳಗಾಗುವುದು ಕಡಿಮೆ.

ಇತರ ಬಗೆಗಳು

ಲಾಂಗ್ ಕೇಸಿನ ಕೊರತೆ ನೀಗಿಸಲು ಬಂದ ಪರ್ಯಾಯಗಳಲ್ಲಿ ಹೆಚ್ಚು ಹರಡಿದ್ದು ಓಸ್ಕಿ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪ್ರಕಟಿಸಿದರು. ಅಭ್ಯರ್ಥಿಗಳು ಗಂಟೆ ಬಾರಿಸಿದಂತೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಸಾಗುತ್ತಾರೆ. ಪ್ರತಿ ನಿಲ್ದಾಣದಲ್ಲೂ ಎಲ್ಲರಿಗೂ ಒಂದೇ ಕೆಲಸ, ಒಂದೇ ಅಂಕಪಟ್ಟಿ. ಲಿಥಿಯಂ ಶುರುಮಾಡುವ ಮುನ್ನ ರೋಗಿಗೆ ತಿಳಿಹೇಳುವುದು, ವಿದ್ಯುತ್ ಕಂಪನ ಚಿಕಿತ್ಸೆಗೆ ಒಪ್ಪಿಗೆ ಪಡೆಯುವುದು, ಆತ್ಮಹತ್ಯೆಯ ಅಪಾಯ ಅಂದಾಜಿಸುವುದು ಸಾಮಾನ್ಯ ನಿಲ್ದಾಣಗಳು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ತನ್ನ ಎಂ.ಆರ್.ಸಿ.ಸೈಕ್ ಪರೀಕ್ಷೆಯಲ್ಲಿ 2003ರಲ್ಲಿ ಓಸ್ಕಿ ತಂದಿತು. 2008ರಿಂದ ಲಾಂಗ್ ಕೇಸ್ ಕೈಬಿಟ್ಟು, ನಟರು ರೋಗಿಗಳ ಪಾತ್ರ ವಹಿಸುವ 16 ನಿಲ್ದಾಣಗಳ ಕ್ಯಾಸ್ಕ್ ಪರೀಕ್ಷೆ ನಡೆಸುತ್ತಿದೆ. ಕರ್ನಾಟಕದಿಂದ ಆ ಪರೀಕ್ಷೆಗೆ ಕೂರುವ ಮನೋವೈದ್ಯರಿದ್ದಾರೆ. ಇಲ್ಲಿ ಮಂಡನೆಯಲ್ಲಿ ಪಳಗಿದವರು ಅಲ್ಲಿ ಮೊದಲಿಗೆ ತಡವರಿಸುವುದಕ್ಕೆ ಕಾರಣ ಸ್ಪಷ್ಟ: ಅಲ್ಲಿ ಪರೀಕ್ಷಕರು ಪ್ರಶ್ನೆ ಕೇಳುವುದಿಲ್ಲ, ಮೂಲೆಯಲ್ಲಿ ಕುಳಿತು ನೋಡುತ್ತಾರೆ.

ಅಮೆರಿಕದಲ್ಲಿ 1934ರಲ್ಲಿ ಸ್ಥಾಪನೆಯಾದ ಮನೋವೈದ್ಯ–ನರವೈದ್ಯ ಮಂಡಳಿ ದಶಕಗಳ ಕಾಲ ಪರೀಕ್ಷಕರ ಎದುರಿನಲ್ಲೇ ನಿಜವಾದ ರೋಗಿಯ ಅರ್ಧ ಗಂಟೆಯ ಸಂದರ್ಶನ ಮಾಡಿಸುತ್ತಿತ್ತು. ಅಭ್ಯರ್ಥಿಗಳನ್ನೂ ಪರೀಕ್ಷಕರನ್ನೂ ಒಂದೇ ಊರಿಗೆ ಕರೆಸಿ, ಅಷ್ಟೊಂದು ರೋಗಿಗಳನ್ನು ಹೊಂದಿಸುವ ವೆಚ್ಚ, ಒಂದೇ ಪ್ರಕರಣದ ಮೇಲೆ ತೀರ್ಪು ಕೊಡುವ ದೌರ್ಬಲ್ಯ ಇವು ಸೇರಿ ಅದು ನಿಂತಿತು. ಈಗ ತರಬೇತಿಯ ಅವಧಿಯಲ್ಲೇ ಮೂರು ಬೇರೆ ಬೇರೆ ರೋಗಿಗಳ ಮೇಲೆ, ಕನಿಷ್ಠ ಇಬ್ಬರು ಪರೀಕ್ಷಕರು ಕಣ್ಣಾರೆ ನೋಡಿ ಮೂರು ಅಂಶಗಳನ್ನು ತೀರ್ಮಾನಿಸುತ್ತಾರೆ: ರೋಗಿ–ವೈದ್ಯ ಸಂಬಂಧ, ಮಾನಸಿಕ ಸ್ಥಿತಿ ಪರೀಕ್ಷೆಯೊಳಗೊಂಡ ಸಂದರ್ಶನ, ಪ್ರಕರಣದ ಮಂಡನೆ.

ಜಾನ್ ನಾರ್ಸಿನಿ 1995ರಲ್ಲಿ ರೂಪಿಸಿದ ಮಿನಿ ಸಿ.ಇ.ಎಕ್ಸ್. ವಾರ್ಡಿನ ದಿನನಿತ್ಯದ ಕೆಲಸದ ನಡುವೆಯೇ ಮಾಡುವ ಕಿರು ಅವಲೋಕನ. ಭಾರತದ ಕೌಶಲಾಧಾರಿತ ಪಠ್ಯಕ್ರಮದಲ್ಲಿ ಇಂಥ ಆಂತರಿಕ ಮೌಲ್ಯಮಾಪನಕ್ಕೆ ಜಾಗವಿದೆ.

ವಿಶ್ವಾಸಾರ್ಹತೆ

ಅಮೆರಿಕದ ವೈದ್ಯಶಾಸ್ತ್ರ ಮಂಡಳಿ ಪರೀಕ್ಷಕರ ನಡುವೆ ಒಮ್ಮತ ಸಾಲದೆಂದು 1972ರಲ್ಲೇ ಹಾಸಿಗೆ ಪಕ್ಕದ ಮೌಖಿಕ ಪರೀಕ್ಷೆ ಬಿಟ್ಟಿತು. ಸ್ಕಿಜೋಫ್ರೇನಿಯಾ ರೋಗಿಯನ್ನು ಚೆನ್ನಾಗಿ ಪರೀಕ್ಷಿಸಿದವರು ವ್ಯಕ್ತಿತ್ವದ ತೊಂದರೆಯ ರೋಗಿಯೆದುರು ಸೋಲಬಹುದು. ಹಾಗಾಗಿ ಒಂದೇ ಪ್ರಕರಣ ಕೌಶಲದ ಪೂರ್ಣ ಅಳತೆಯಲ್ಲ. ಪರೀಕ್ಷಕರಲ್ಲಿ ಕೆಲವರು ಬಿಗಿ, ಕೆಲವರು ಸಡಿಲ. ಸಹಕರಿಸುವ ರೋಗಿ ಸಿಗುವುದು ಅದೃಷ್ಟ. ಹರಳು ಹುರಿದಂತೆ ಇಂಗ್ಲಿಷ್ ಮಾತನಾಡುವ ಅಭ್ಯರ್ಥಿಗೆ ಮೊದಲ ನಿಮಿಷದಲ್ಲೇ ಸಿಗುವ ಅನುಕೂಲ ಎಲ್ಲರಿಗೂ ಗೊತ್ತು.

ಲಾಂಗ್ ಕೇಸಿನ ಪರವಾಗಿಯೂ ಬಲವಾದ ವಾದವಿದೆ. ಏಳು ನಿಮಿಷದ ನಿಲ್ದಾಣಗಳಲ್ಲಿ ಒಬ್ಬ ಮನುಷ್ಯನ ಇಡೀ ಬದುಕನ್ನು ಒಟ್ಟುಗೂಡಿಸುವ ಸಾಮರ್ಥ್ಯ ಕಾಣುವುದಿಲ್ಲ. ನಟರು ಆಲೋಚನೆಯ ಕೊಂಡಿ ಕಳಚಿದ ಮಾತನ್ನು ನಂಬುವಂತೆ ಆಡುವುದೂ ಕಷ್ಟ. ಪರೀಕ್ಷಕರು ಪೂರ್ತಿ ಸಂದರ್ಶನವನ್ನು ನೋಡುವ ಲಾಂಗ್ ಕೇಸನ್ನು ಎರಡೋ ಮೂರೋ ರೋಗಿಗಳ ಮೇಲೆ ಮಾಡಿಸುವುದೇ ಇವೆರಡರ ನಡುವಿನ ಸರಿಯಾದ ದಾರಿ. ಅದಕ್ಕೆ ಬೇಕಾದದ್ದು ಹೊಸ ತಂತ್ರಜ್ಞಾನವಲ್ಲ, ಪರೀಕ್ಷಕರ ಸಮಯ.

ರೋಗಿಯ ಹಕ್ಕುಗಳು

ಪರೀಕ್ಷೆಗೆ ಬರುವ ರೋಗಿ ಚಿಕಿತ್ಸೆಗಾಗಿ ಅಲ್ಲಿರುವುದಿಲ್ಲ. ತನ್ನ ಬದುಕಿನ ಖಾಸಗಿ ಸಂಗತಿಗಳನ್ನು ಅಪರಿಚಿತರ ಮುಂದೆ ಒಂದೇ ದಿನ ಹಲವು ಸಲ ಹೇಳಬೇಕಾಗುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಮಾನಸಿಕ ಕಾಯಿಲೆಯುಳ್ಳ ವ್ಯಕ್ತಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಆದ್ದರಿಂದ ಒಪ್ಪಿಗೆಯಿಲ್ಲದೆ ರೋಗಿಯನ್ನು ಪರೀಕ್ಷೆಗೆ ಕೂರಿಸುವಂತಿಲ್ಲ, ನಡುವೆ ಎದ್ದು ಹೋಗುತ್ತೇನೆಂದರೆ ತಡೆಯುವಂತಿಲ್ಲ. ಸಂದರ್ಶನದಲ್ಲಿ ಆತ್ಮಹತ್ಯೆಯ ಉದ್ದೇಶ ಹೊರಬಿದ್ದರೆ ಅಭ್ಯರ್ಥಿ ಅದನ್ನು ಅಂಕದ ವಿಷಯವಾಗಿ ಮಾತ್ರ ನೋಡದೆ ಚಿಕಿತ್ಸೆ ಮಾಡುತ್ತಿರುವ ತಂಡಕ್ಕೆ ಕೂಡಲೇ ತಿಳಿಸಬೇಕು.

ಉಪಯೋಗ

ತೇರ್ಗಡೆಯಾದವರು ತಮ್ಮ ಹೆಚ್ಚುವರಿ ಅರ್ಹತೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸುತ್ತಾರೆ. 2017ರ ಕಾಯ್ದೆಯ ಪ್ರಕಾರ ‘ಮನೋವೈದ್ಯ’ ಎನಿಸಿಕೊಳ್ಳಲು ಮನೋವೈದ್ಯಶಾಸ್ತ್ರದಲ್ಲಿ ಮಾನ್ಯತೆ ಪಡೆದ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಬೇಕು. ರೋಗಿಯನ್ನು ಇನ್ನೊಬ್ಬರ ಬೆಂಬಲದೊಂದಿಗೆ (ಸಪೋರ್ಟೆಡ್ ಅಡ್ಮಿಷನ್) ದಾಖಲಿಸುವುದು, ವಿದ್ಯುತ್ ಕಂಪನ ಚಿಕಿತ್ಸೆ ಕೊಡುವುದು, ನ್ಯಾಯಾಲಯಕ್ಕೆ ಅಭಿಪ್ರಾಯ ಸಲ್ಲಿಸುವುದು ಇವೆಲ್ಲದರ ಹಿಂದೆ ಈ ಪರೀಕ್ಷೆಯ ಮುದ್ರೆಯಿದೆ.

ಈಗಿನ ಸ್ಥಿತಿ

2020ರ ಕೋವಿಡ್ ಕಾಲದಲ್ಲಿ ಪರೀಕ್ಷಕರು ವಿಡಿಯೊ ಮೂಲಕ ಭಾಗವಹಿಸಲು, ರೋಗಿಗಳ ಬದಲು ಬರೆದ ಪ್ರಕರಣಗಳನ್ನು ಬಳಸಲು ಅವಕಾಶ ಸಿಕ್ಕಿತ್ತು. ಬ್ರಿಟನ್ನಿನ ಕ್ಯಾಸ್ಕ್ ಕೂಡ ಆ ವರ್ಷ ಆನ್‌ಲೈನ್ ಆಯಿತು. ಕರ್ನಾಟಕದಲ್ಲಿ ಲಾಂಗ್ ಕೇಸ್ ಮತ್ತೆ ತನ್ನ ಜಾಗಕ್ಕೆ ಬಂದಿದೆ.

ಕೌಶಲದ ಪರೀಕ್ಷೆಗೆ ಮುಂದೆ ಹೆಚ್ಚು ಪ್ರಯೋಜನವಾಗಬಹುದಾದ ಬದಲಾವಣೆ ಬಂದಿರುವುದು ತರಬೇತಿಯ ಕಡೆಯಿಂದ. 2020ರ ಅಧಿಸೂಚನೆಯಂತೆ ಎಲ್ಲ ಸ್ನಾತಕೋತ್ತರ ವಿದ್ಯಾರ್ಥಿಗಳೂ ಮೂರು ತಿಂಗಳು ಜಿಲ್ಲಾ ಮಟ್ಟದ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ರೂಪಿಸಿತು. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಕರ್ನಾಟಕದಲ್ಲಿ ಅದರ ಜೊತೆಗೆ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಹೋಗುವ ಮನೋಚೈತನ್ಯ ಶಿಬಿರಗಳಿವೆ. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೂ ಸಿಗುತ್ತಿದೆ. ತಾಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಒಂದು ಗಂಟೆಯ ಲಾಂಗ್ ಕೇಸ್ ಪಾಸಾದವರು ಆ ಕೆಲವು ನಿಮಿಷಗಳಲ್ಲಿ ಅಪಾಯವನ್ನು ಗುರುತಿಸಬಲ್ಲರೇ ಎಂಬುದನ್ನು ಈಗಿನ ಪರೀಕ್ಷೆ ನೇರವಾಗಿ ನೋಡುವುದಿಲ್ಲ.

ಅಂಕೋಲಾದಂಥ ತಾಲೂಕಿನ ಹಳ್ಳಿಗಳಲ್ಲಿ ಮನೋರೋಗಿಯನ್ನು ಮೊದಲು ನೋಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಎಂ.ಬಿ.ಬಿ.ಎಸ್. ವೈದ್ಯರು. 2019ರ ಪಠ್ಯಕ್ರಮ ಸಂವಹನ ಕೌಶಲವನ್ನು ಕಲಿಕೆಯ ಭಾಗವಾಗಿಸಿದೆ. ಆದರೆ ಎಂ.ಬಿ.ಬಿ.ಎಸ್.ನಲ್ಲಿ ಮನೋವೈದ್ಯಶಾಸ್ತ್ರ ಜನರಲ್ ಮೆಡಿಸಿನ್ ವಿಷಯದೊಳಗೇ ಸೇರಿದ್ದು, ಅದಕ್ಕೆ ಪ್ರತ್ಯೇಕ ಪತ್ರಿಕೆಯಾಗಲಿ ಪ್ರತ್ಯೇಕ ಉತ್ತೀರ್ಣಾಂಕವಾಗಲಿ ಇಲ್ಲ.